ಹೆಂಚಿನ ಮೇಲೆ ಮಳೆ, ಕೆಳಗೆ ನಮ್ಮ ಕ್ಲಾಸು

ಮಂಗಳೂರು ಬೆಂದೂರಿನ ಸಂತ ಆಗ್ನೆಸ್ ಕಾಲೇಜಿನಲ್ಲಿ ಓದಿದವರನ್ನು ಯಾವ ಪಾಠ ನೆನಪಿದೆ ಎಂದು ಕೇಳಿ ನೋಡಿ. ತಡವರಿಸುತ್ತಾರೆ. ಹಳೆ ಕಟ್ಟಡದ ಜಗಲಿ ನೆನಪಿದೆಯಾ ಎಂದರೆ ಮಾತು ನಿಲ್ಲುವುದೇ ಇಲ್ಲ. ನಾನೂ ಅದೇ ಪೈಕಿ.

ನಮ್ಮೂರಲ್ಲಿ ಕಾಲೇಜು ಶುರುವಾಗುವುದೂ ಜೂನಿನಲ್ಲಿ, ಮಳೆ ಹಿಡಿಯುವುದೂ ಜೂನಿನಲ್ಲಿ. ಒದ್ದೆ ಕೊಡೆಗಳೆಲ್ಲ ಜಗಲಿಯಲ್ಲಿ ಬಿಚ್ಚಿಕೊಂಡು ಕೂತಿರುತ್ತಿದ್ದವು. ಗಾಳಿ ಬೀಸಿದರೆ ಅವುಗಳ ಹಿಂದೆ ಓಟ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಸೇರಿದ ಗದ್ದಲ. ಮಳೆ ಜಾಸ್ತಿಯಾದರೆ ಹೆಂಚಿನ ಸದ್ದಿಗೆ ಮೇಡಂ ಮಾತು ಕೇಳಿಸುತ್ತಿರಲಿಲ್ಲ. ಅವರು ಸುಮ್ನೆ ಪುಸ್ತಕ ಮುಚ್ಚಿ ಕಿಟಕಿ ಕಡೆ ನೋಡುತ್ತಿದ್ದರು. ನಮಗೆ ಅದಕ್ಕಿಂತ ಖುಷಿ ಬೇಕಾ?

ಈ ಊರಿಗೆ ಹೆಂಚಿನ ಕಾರ್ಖಾನೆ ತಂದವರು ಬಾಸೆಲ್ ಮಿಶನ್ ಎಂಬ ಪ್ರೊಟೆಸ್ಟಂಟ್ ಮಿಶನರಿ ಸಂಘದವರು, 1865ರಲ್ಲಿ. ಪ್ರೊಟೆಸ್ಟಂಟರು ಕಲಿಸಿದ ಹೆಂಚು ಕ್ಯಾಥೊಲಿಕ್ ಸಿಸ್ಟರುಗಳ ಕಾಲೇಜಿನ ತಲೆ ಕಾಯುತ್ತಿದೆಯಲ್ಲ ಎಂದು ಈಗ ನಗು ಬರುತ್ತದೆ.

ಅಪೋಸ್ತಲಿಕ್ ಕಾರ್ಮೆಲ್ ಎಂಬ ಕ್ಯಾಥೊಲಿಕ್ ಸನ್ಯಾಸಿನಿಯರ ಸಂಘದ ಸಿಸ್ಟರುಗಳು ಮಂಗಳೂರಿಗೆ ಬಂದದ್ದು 1870ರಲ್ಲಿ. ಅದೇ ಸಂಘದ ಮದರ್ ಅಲೋಶಿಯಾ ನಮ್ಮ ಕಾಲೇಜು ತೆರೆದದ್ದು 1921ರಲ್ಲಿ. ದಕ್ಷಿಣ ಭಾರತದಲ್ಲಿ ಕ್ಯಾಥೊಲಿಕರ ಮೊದಲ ಮಹಿಳಾ ಕಾಲೇಜು ಇದು. ಹುಡುಗಿಯರನ್ನು ಓದಲು ಮದ್ರಾಸಿನಷ್ಟು ದೂರ ಕಳಿಸಲು ಎಷ್ಟು ಮನೆಯವರು ಒಪ್ಪುತ್ತಿದ್ದರು ಹೇಳಿ? ಕಾಲೇಜೇ ಮನೆ ಹತ್ತಿರ ಬಂತು. ನನ್ನ ಮಟ್ಟಿಗೆ ಈ ಕಟ್ಟಡದ ದೊಡ್ಡತನ ಅದೇ. ಕಂಬ, ಕಮಾನು ಎಲ್ಲ ಆಮೇಲಿನ ಮಾತು.

ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಅಜ್ಜಿಯ ಸರ್ಟಿಫಿಕೇಟಿನಲ್ಲಿ ಮದ್ರಾಸ್ ವಿಶ್ವವಿದ್ಯಾಲಯ. ರಾಜ್ಯಗಳ ವಿಂಗಡಣೆ ಆಗಿ ನಮ್ಮ ಜಿಲ್ಲೆ ಮೈಸೂರಿಗೆ ಸೇರಿತಲ್ಲ, ಹಾಗಾಗಿ ಅಮ್ಮನದರಲ್ಲಿ ಮೈಸೂರು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿತು, ನನ್ನದರಲ್ಲಿ ಅದರ ಮೊಹರು. ಮೂವರೂ ಹತ್ತಿದ ಮೆಟ್ಟಿಲು ಮಾತ್ರ ಒಂದೇ. "ನಮ್ಮ ಕಾಲದಲ್ಲಿ ಮೆಟ್ಟಿಲ ಮೇಲೆ ಇಷ್ಟು ಗಲಾಟೆ ಇರಲಿಲ್ಲ" ಎನ್ನುತ್ತಿದ್ದರು ಅಜ್ಜಿ. ನನಗಂತೂ ನಂಬಿಕೆ ಇಲ್ಲ.

ಈಗ ಹೊಸ ಬ್ಲಾಕುಗಳು ಎದ್ದಿವೆ. ಬೇಕಿತ್ತು, ಮಕ್ಕಳೂ ಜಾಸ್ತಿಯಾಗಿದ್ದಾರೆ. ಆದರೆ ಏಪ್ರಿಲ್ ಸೆಕೆಯಲ್ಲಿ ಕೂರಲು ಜಾಗ ಆರಿಸಿ ಎಂದರೆ ನಾನು ಹೆಂಚಿನ ಕೆಳಗೇ ಹೋಗುತ್ತೇನೆ.

ಹಳೆ ವಿದ್ಯಾರ್ಥಿನಿಯರ ಸಭೆಯನ್ನು ಮಳೆಗಾಲದಲ್ಲಿ ಇಡಿ ಎಂದು ಕೇಳುತ್ತಲೇ ಇದ್ದೇನೆ. ಸೀರೆ ಒದ್ದೆಯಾಗುತ್ತದೆ ಎಂದು ಗೆಳತಿಯರು ಒಪ್ಪುತ್ತಿಲ್ಲ.