ಬಿಪಿ ಇಲ್ಲದವಳ ಬಿಪಿ ಮಾತ್ರೆ

ವಿಜಯಪುರ, 18 ಏಪ್ರಿಲ್ 2024, ಗುರುವಾರ

ಅರೆತಲೆನೋವಿಗೆಂದು ಮಾತ್ರೆ ಶುರುಮಾಡಿ ಇವತ್ತಿಗೆ ಏಳು ವಾರ. ಬೆಳಿಗ್ಗೆ ಚಹಾ ಕುಡಿಯುವಾಗ ಅತ್ತೆಯವರು ತಮ್ಮ ಮಾತ್ರೆಯ ಪಟ್ಟಿಯನ್ನು ನನ್ನ ಕಡೆ ಸರಿಸಿ, "ಎರಡೂ ಬಿಪಿಯವೇ ಅಲ್ಲವೇನವ್ವಾ? ನಿನ್ನದು ಮುಗಿದರೆ ಇದನ್ನೇ ತೆಗೆದುಕೋ" ಎಂದರು. ಅವರದು ಅಮ್ಲೋಡಿಪಿನ್. ಅದರ ಅಡ್ಡಪರಿಣಾಮಗಳಲ್ಲಿ ತಲೆನೋವೂ ಒಂದು ಎಂದೆ. ಪಟ್ಟಿ ಹಿಂದಕ್ಕೆ ಹೋಯಿತು.

ನನ್ನದು ಪ್ರೊಪ್ರನೊಲಾಲ್, ಬೆಳಿಗ್ಗೆ 20 ಮಿಲಿಗ್ರಾಂ, ರಾತ್ರಿ 20. ಮೊದಲ ದಿನ ಔಷಧಿ ಅಂಗಡಿಯವನು "ಈ ವಯಸ್ಸಿಗೇ ಬಿಪಿಯೇ, ಅಕ್ಕಾ?" ಎಂದು ಮರುಗಿದ್ದ. ಅರೆತಲೆನೋವಿಗೆ ಎಂದರೂ ನಂಬಲಿಲ್ಲ. 1960ರ ದಶಕದಲ್ಲಿ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಇದನ್ನು ರೂಪಿಸಿದ್ದು ಹೃದಯದ ಎದೆನೋವಿಗೆ. ಅದಕ್ಕೆಂದು ನುಂಗಿದವರಲ್ಲಿ ಅರೆತಲೆನೋವೂ ತಗ್ಗಿದ್ದು 1966ರಲ್ಲಿ ವೈದ್ಯರ ಕಣ್ಣಿಗೆ ಬಿತ್ತು. ಹುಡುಕದೇ ಸಿಕ್ಕಿದ ಮದ್ದು.

ವೈದ್ಯರು ಮೊದಲು ಕೇಳಿದ್ದು ಉಬ್ಬಸ ಇದೆಯೇ ಎಂದು. ಇದ್ದವರಿಗೆ ಇದು ಆಗದು. ಆಮೇಲೆ ನನ್ನ ಚೀಲದಲ್ಲಿದ್ದ ನೋವಿನ ಮಾತ್ರೆಗಳನ್ನು ಎಣಿಸಿ ಬೈದರು. ತಿಂಗಳ ಅರ್ಧದಷ್ಟು ದಿನ ಅವನ್ನು ನುಂಗುತ್ತಿದ್ದರೆ ಅವೇ ತಲೆನೋವು ತರುತ್ತವಂತೆ. ಪ್ರೊಪ್ರನೊಲಾಲ್ ಬಂದ ನೋವಿಗಲ್ಲ, ಬಾರದಿರಲೆಂದು ದಿನವೂ ನುಂಗುವುದು. ಮೂರು ವಾರ ಏನೂ ಆಗಲಿಲ್ಲ. ಬಿಟ್ಟುಬಿಡೋಣ ಎನ್ನಿಸಿತ್ತು, ಆದರೆ ಒಮ್ಮೆಲೇ ನಿಲ್ಲಿಸಿದರೆ ಎದೆಬಡಿತ ಏರೀತು ಎಂಬ ಎಚ್ಚರಿಕೆ ನೆನಪಿತ್ತು. ಹೆದರಿಕೆಯಿಂದಲೇ ಮುಂದುವರಿಸಿದೆ, ಶ್ರದ್ಧೆಯಿಂದಲ್ಲ.

ರಜೆಗೆ ಬಂದಿರುವ ತಂಗಿಯ ಮಕ್ಕಳು ಇವತ್ತು ಗೋಲಗುಮ್ಮಟಕ್ಕೆ ಎಳೆದುಕೊಂಡು ಹೋದರು. ಮಿನಾರಿನ ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಕಾಲು ಸೀಸದಂತೆ ಭಾರ. ಏದುಸಿರು ಬಂದರೂ ಎದೆಬಡಿತ ಮಾತ್ರ ಎತ್ತಿನಗಾಡಿಯ ನಡಿಗೆ ಬಿಡಲಿಲ್ಲ. ಇದೂ ಮಾತ್ರೆಯ ಪ್ರತಾಪವೇ. ಮೇಲಿರುವುದಕ್ಕೆ ಪಿಸುಮಾತಿನ ಗ್ಯಾಲರಿ ಎಂದು ಹೆಸರು. ಅಲ್ಲಿ ಪಿಸುಗುಟ್ಟಿದವರನ್ನು ನಾನಂತೂ ಕಂಡಿಲ್ಲ. ನಮ್ಮ ಹುಡುಗರು "ದೊಡ್ಡವ್ವಾ!" ಎಂದು ಕಿರುಚಿದರು, ಗುಮ್ಮಟ ಒಬ್ಬ ದೊಡ್ಡವ್ವನನ್ನು ಹತ್ತು ಮಾಡಿ ತಲೆಯೊಳಗೆ ಸುರಿಯಿತು. ಕಳೆದ ವರ್ಷವಾಗಿದ್ದರೆ ಅಲ್ಲಿಂದ ನೇರವಾಗಿ ಕತ್ತಲೆ ಕೋಣೆ, ವಾಂತಿಯ ಬಕೆಟ್ಟು.

ಹೊರಗೆ ಬೆಂಕಿಯಂಥ ಬಿಸಿಲು. ಮಜ್ಜಿಗೆ ಕುಡಿದು ನೋವು ಬರುವುದನ್ನೇ ಕಾದು ಕುಳಿತೆ. ಸಂಜೆ ಎಡಗಣ್ಣಿನ ಮೇಲೆ ತುಸು ಭಾರವಾಯಿತು, ಅಷ್ಟೇ. ನಾನೇ ರೊಟ್ಟಿ ಬಡಿದೆ.

ನೋವಿನ ದಿನಗಳಿಗೆ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕುತ್ತೇನೆ. ಫೆಬ್ರವರಿಯಲ್ಲಿ 11, ಮಾರ್ಚ್‌ನಲ್ಲಿ 8, ಈ ತಿಂಗಳು ನಿನ್ನೆಯವರೆಗೆ 2. ಇವತ್ತಿನದನ್ನು ನೋವು ಎನ್ನಬೇಕೇ? ಪೆನ್ನು ಹಿಡಿದು ನಿಂತಿದ್ದೆ. "ರೊಟ್ಟಿ ಬಡಿದ ದಿನ ಎಂಥ ಗುರುತು!" ಎಂದು ಅತ್ತೆ ಪೆನ್ನು ಕಸಿದುಕೊಂಡರು. ಪಟ್ಟಿಯಲ್ಲಿ ಇನ್ನು ನಾಲ್ಕು ಮಾತ್ರೆ ಉಳಿದಿವೆ. ನಾಳೆ ಅಂಗಡಿಗೆ ಹೋಗಬೇಕು.