ಸೆಷನ್ ಮಾಯವಾದರೆ ಟೈಮೌಟ್ ಮುಟ್ಟಬೇಡಿ, ಕುಕಿ ನೋಡಿ

ಲಾಗಿನ್ ಆಗಿದ್ದವರು ನಡುವೆ ಎಲ್ಲೋ ಮತ್ತೆ ಲಾಗಿನ್ ಪುಟಕ್ಕೇ ಬಂದು ಬೀಳುತ್ತಿದ್ದಾರೆ ಎಂಬ ದೂರು ಬಂದರೆ ಮೊದಲು ಬ್ರೌಸರ್‌ನಲ್ಲಿ ಎಫ್12 ಒತ್ತಿ ಡೆವಲಪರ್ ಟೂಲ್ಸ್ ತೆರೆಯಿರಿ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಪ್ರಿಸರ್ವ್ ಲಾಗ್ ಟಿಕ್ ಮಾಡಿ. ಇಲ್ಲದಿದ್ದರೆ ಪುಟ ಬದಲಾದೊಡನೆ ಹಳೆಯ ಸಾಲುಗಳೆಲ್ಲ ಅಳಿಸಿಹೋಗುತ್ತವೆ. ಸೆಷನ್ ಸರಿಯಿದ್ದ ಕೊನೆಯ ರಿಕ್ವೆಸ್ಟ್‌ನಲ್ಲೂ ಕೆಟ್ಟ ಮೊದಲ ರಿಕ್ವೆಸ್ಟ್‌ನಲ್ಲೂ ಬ್ರೌಸರ್ ಕುಕಿಯಲ್ಲಿ ಕಳಿಸಿದ ಸೆಷನ್ ಐಡಿ (ಲಾಗಿನ್ ಆದವರ ಡೇಟಾವನ್ನು ಸರ್ವರ್ ಹುಡುಕುವ ಗುರುತು) ಹೋಲಿಸಿ. ಅದೇ ಐಡಿ ಹೋಗಿದ್ದೂ ಡೇಟಾ ಇಲ್ಲವೆಂದರೆ ಎಡವಟ್ಟು ಸರ್ವರ್‌ನಲ್ಲಿ. ಐಡಿ ಹೋಗಿಯೇ ಇಲ್ಲ, ಅಥವಾ ಬೇರೆಯದು ಹೋಗಿದೆ ಎಂದರೆ ಕುಕಿಯಲ್ಲಿ. ಇಷ್ಟು ತಿಳಿಯದೆ ಕೋಡ್ ತಿದ್ದಲು ಕೂತರೆ ದಿನವೇ ದಂಡ.

ಪಿಎಚ್‌ಪಿಯಲ್ಲಿ ಸರ್ವರ್ ಕಡೆಯ ಮಾಮೂಲಿ ಕಾರಣ, ಒಂದೇ ಯೂಸರ್ ಅಡಿ ಓಡುತ್ತ ಒಂದೇ ಸೆಷನ್ ಫೋಲ್ಡರ್ ಹಂಚಿಕೊಂಡ ಎರಡು ಸೈಟ್‌ಗಳು. ಹಳೆಯ ಸೆಷನ್ ಫೈಲ್‌ಗಳನ್ನು ಗುಡಿಸುವ ಕೆಲಸಕ್ಕೆ ಜಿಸಿ ಎನ್ನುತ್ತಾರೆ. ಫೈಲ್ ಎಷ್ಟು ಹೊತ್ತು ಉಳಿಯಬೇಕೆಂದು ಹೇಳುವ ಜಿಸಿ ಮ್ಯಾಕ್ಸ್‌ಲೈಫ್‌ಟೈಮ್ ಡೀಫಾಲ್ಟ್ 1440 ಸೆಕೆಂಡ್, ಅಂದರೆ 24 ನಿಮಿಷ. ನೀವು 28800 ಕೊಟ್ಟಿದ್ದರೂ ಪಕ್ಕದ ಸೈಟ್ 1440ರಲ್ಲೇ ಇದ್ದರೆ, ಅದರ ಜಿಸಿ ಓಡಿದಾಗ ನಿಮ್ಮ ಫೈಲೂ ಗುಡಿಸಿಹೋಗುತ್ತದೆ. ಫೈಲ್ ಯಾರದೆಂದು ಅದು ಕೇಳುವುದಿಲ್ಲ, ಎಷ್ಟು ಹಳೆಯದೆಂದು ಮಾತ್ರ ನೋಡುತ್ತದೆ. ಸೇವ್ ಪಾತ್, ಅಂದರೆ ಸೆಷನ್ ಫೈಲ್ ಇಡುವ ಫೋಲ್ಡರ್, ಬೇರೆ ಮಾಡಿ. ಉಬುಂಟು, ಡೆಬಿಯನ್‌ಗಳಲ್ಲಿ ಜಿಸಿ ಪ್ರಾಬಬಿಲಿಟಿ 0, ಅಂದರೆ ಪಿಎಚ್‌ಪಿ ತಾನಾಗಿ ಗುಡಿಸುವುದಿಲ್ಲ. ಸಿಸ್ಟಮ್ಮೇ ಅರ್ಧ ಗಂಟೆಗೊಮ್ಮೆ ಗುಡಿಸುತ್ತದೆ, ಕೋಡ್‌ನೊಳಗೆ ನೀವು ಬರೆದ ಅವಧಿ ಅದಕ್ಕೆ ಕಾಣದು. ಕೋಡ್‌ನಲ್ಲೇ ಸೇವ್ ಪಾತ್ ಬದಲಿಸಿದರೆ ಪ್ರಾಬಬಿಲಿಟಿಯನ್ನೂ 1 ಮಾಡಿ, ಇಲ್ಲವಾದರೆ ಹೊಸ ಫೋಲ್ಡರ್ ತುಂಬುತ್ತಲೇ ಇರುತ್ತದೆ.

ಎರಡು ಸರ್ವರ್ ಇದ್ದು ಸೆಷನ್ ಫೈಲ್‌ನಲ್ಲಿದ್ದರೆ ಒಂದರ ಫೈಲ್ ಇನ್ನೊಂದಕ್ಕೆ ಕಾಣದು; ಹೆಚ್ಚು ಯೋಚಿಸದೆ ಎರಡೂ ಹಂಚಿಕೊಳ್ಳುವ ರೆಡಿಸ್ ಎಂಬ ಡೇಟಾ ಸ್ಟೋರ್‌ಗೆ ಹಾಕಿ.

ಕುಕಿ ಕಡೆ ನಿಜವಾಗಿ ತಲೆ ತಿನ್ನುವುದು ಪೇಮೆಂಟ್ ಗೇಟ್‌ವೇ. ಬೇರೆ ಸೈಟ್‌ನಿಂದ ಬಂದ ರಿಕ್ವೆಸ್ಟ್ ಜೊತೆ ಕುಕಿ ಹೋಗಬೇಕೇ ಎಂದು ಹೇಳುವುದು ಸೇಮ್‌ಸೈಟ್ ಎಂಬ ಗುರುತು. ಅದನ್ನು ಬರೆಯದ ಕುಕಿಯನ್ನು ಕ್ರೋಮ್ 2020ರಿಂದ ಲ್ಯಾಕ್ಸ್ ಎಂದೇ ಎಣಿಸುತ್ತದೆ. ಲ್ಯಾಕ್ಸ್ ಆದರೆ, ಗೇಟ್‌ವೇ ಗ್ರಾಹಕರನ್ನು ಪೋಸ್ಟ್ ರಿಕ್ವೆಸ್ಟ್ (ಫಾರ್ಮ್ ಕಳಿಸುವ ರೀತಿ) ಮೂಲಕ ವಾಪಸ್ ಕಳಿಸಿದಾಗ ಕುಕಿ ಜೊತೆಗೆ ಬರುವುದಿಲ್ಲ. ಹುಟ್ಟಿ 2 ನಿಮಿಷ ದಾಟದ ಕುಕಿಗೆ ಮಾತ್ರ ವಿನಾಯಿತಿ. ಅದಕ್ಕೇ ಟೆಸ್ಟರ್ ಲಾಗಿನ್ ಆಗಿ ಸರಸರ ದುಡ್ಡು ಕಟ್ಟಿದರೆ ಎಲ್ಲ ಸರಿ. ಗ್ರಾಹಕರು ನಿಧಾನವಾಗಿ ಸಾಮಾನು ಆರಿಸಿ, ಓಟಿಪಿಗೆ ಕಾದು ಬಂದರೆ ಸೆಷನ್ ಇಲ್ಲ. ರಿಟರ್ನ್ ಪುಟದಲ್ಲಿ ಸೆಷನ್ ಸ್ಟಾರ್ಟ್ ಇದ್ದರಂತೂ ಹೊಸ ಐಡಿ ಹುಟ್ಟಿ ಹಳೆಯದನ್ನೇ ಅಳಿಸುತ್ತದೆ. ಆ ಪುಟದಲ್ಲಿ ಸೆಷನ್ ಮುಟ್ಟಲೇಬೇಡಿ. ಗೇಟ್‌ವೇ ಕಳಿಸಿದ ಸಿಗ್ನೇಚರ್ ಪರೀಕ್ಷಿಸಿ, ಆರ್ಡರ್ ನಂಬರ್ ಹಿಡಿದು ಡೇಟಾಬೇಸ್‌ನಲ್ಲಿ ಬರೆದು, 303 ಎಂಬ ರೀಡೈರೆಕ್ಟ್ ಕೋಡ್ ಕೊಟ್ಟು ನಿಮ್ಮ ಇನ್ನೊಂದು ಪುಟಕ್ಕೆ ಕಳಿಸಿ; ಆ ಗೆಟ್ ರಿಕ್ವೆಸ್ಟ್‌ನಲ್ಲಿ ಹಳೆಯ ಕುಕಿ ತಾನಾಗಿ ಬರುತ್ತದೆ. ಟೆಸ್ಟ್ ಮಾಡುವಾಗ ಲಾಗಿನ್ ಆದ ಮೇಲೆ ಒಂದು ಕಾಫಿ ಕುಡಿದು ಬಂದು ದುಡ್ಡು ಕಟ್ಟಿ.