ಗೋದಾಮಿನ ಗೋಡೆಯ ಮೇಲೆ ಕಾಫಿ ಕಣ

ಜನವರಿ 19, 2025, ಭಾನುವಾರ
ಪೊನ್ನಂಪೇಟೆ

ಸ್ನೇಹಿತೆ ತಮ್ಮ ತೋಟದ ಹಳೆಯ ಕಾಫಿ ಗೋದಾಮಿನಲ್ಲಿ ವಾರದಿಂದ ಸಿದ್ಧಪಡಿಸುತ್ತಿದ್ದ ಬೆಳಕಿನ ಪ್ರತಿಷ್ಠಾಪನಾ ಕಲಾಕೃತಿ ಇಂದು ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಹದಕ್ಕೆ ಬಂತು. ದೀಪವಿಲ್ಲ, ಪ್ರೊಜೆಕ್ಟರ್ ಇಲ್ಲ. ಕಾಫಿ ಒಣಗಿಸುವ ಕಣದ ಕಡೆಗಿನ ಕಿಟಕಿಗೆ ಕಪ್ಪು ಹಲಗೆ ಹೊಡೆದು, ನಡುವೆ ಒಂದೇ ರಂಧ್ರ ಕೊರೆದಿದ್ದಾರೆ. ನಾಲ್ಕು ಮೀಟರ್ ಆಚೆಯ ಸುಣ್ಣದ ಗೋಡೆಯ ಮೇಲೆ ಇಡೀ ಕಣ ತಲೆಕೆಳಗಾಗಿ ಮೂಡುತ್ತದೆ. ಹಂಪಿಯ ವಿರೂಪಾಕ್ಷ ದೇಗುಲದಲ್ಲಿ ಗೋಪುರದ ತಲೆಕೆಳಗಾದ ನೆರಳನ್ನು (ನೆರಳೆನ್ನುವುದೇ ತಪ್ಪು, ಅದು ಬಿಂಬ) ಕಂಡವರಿಗೆ ಇದರ ತತ್ತ್ವ ಹೊಸದಲ್ಲ.

ಬೆಳಗಿನ ಹೊತ್ತೆಲ್ಲ ರಂಧ್ರದ ಅಳತೆಗೇ ಹೋಯಿತು. 40 ಮಿಲಿಮೀಟರ್ ಇಟ್ಟಾಗ ಗೋಡೆ ಬೆಳಗಿತಾದರೂ ಸಿಲ್ವರ್ ಓಕ್ ಮರಗಳು ಕಲಸಿಹೋದವು; 8ಕ್ಕೆ ಇಳಿಸಿದಾಗ ರೇಖೆಗಳು ಚೂಪಾದವು, ಆದರೆ ಹಣ್ಣು ಹರವುತ್ತಿದ್ದ ಹೆಂಗಸಿನ ಕೆಂಪು ತಲೆವಸ್ತ್ರ ಕಪ್ಪಾಗಿ ಕಂಡಿತು. ಮಬ್ಬಿನಲ್ಲಿ ನೋಡುವ ಕೆಲಸ ಹೊರುವ ಅಕ್ಷಿಪಟಲದ ದಂಡಕೋಶಗಳಿಗೆ ಕೆಂಪು ಬೆಳಕು ತಾಕುವುದೇ ಇಲ್ಲವೆನ್ನುವಷ್ಟು ಕಡಿಮೆ. ಕೊನೆಗೆ 15ಕ್ಕೆ ನಿಂತೆವು. ಹತ್ತು ನಿಮಿಷ ಸುಮ್ಮನೆ ಕುಳಿತರೆ ಕೆಂಪು ಮೆಲ್ಲಗೆ ಮರಳುತ್ತದೆ, ಆದರೆ ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು ಅರ್ಧ ಗಂಟೆಯಾದರೂ ಬೇಕು. ಎರಡು ನಿಮಿಷ ಇಣುಕಿ "ಏನೂ ಕಾಣಲ್ಲ" ಎಂದು ಹೊರಟ ನೆಂಟರ ಮೇಲೆ ನನಗೆ ಸಿಟ್ಟೇ ಬಂತು.

ಇದನ್ನು ಬೆಂಗಳೂರಿನ ಗ್ಯಾಲರಿಯೊಂದಕ್ಕೆ ಒಯ್ಯಬಾರದೇಕೆ ಎಂದು ಅವರಲ್ಲೊಬ್ಬರು ಕೇಳಿದರು. ಒಯ್ಯುವುದಾದರೂ ಏನನ್ನು, ರಂಧ್ರವನ್ನೇ? ಅಮೆರಿಕದ ಕಲಾವಿದ ಜೇಮ್ಸ್ ಟರೆಲ್ ಅರಿಜೋನಾದ ರೋಡನ್ ಕ್ರೇಟರ್ ಎಂಬ ಆರಿದ ಜ್ವಾಲಾಮುಖಿಯನ್ನೇ 1970ರ ದಶಕದಲ್ಲಿ ಕೊಂಡು, ಆಕಾಶ ನೋಡುವ ಕೋಣೆಗಳನ್ನು ಅದರೊಳಗೆ ಕಟ್ಟಿಸುತ್ತ ಬಂದಿರುವುದೂ ಜಾಗದ ಇಂಥದೇ ಹಟದಿಂದ.

ಹಂಚಿನ ಸಂದುಗಳಿಂದ ಬೆಳಕು ಸೋರುತ್ತಿತ್ತು. ಗೋಣಿಚೀಲ ತುರುಕುವ ಮೊದಲು ನೆಲ ನೋಡಿದೆ: ಸಂದು ಯಾವ ಆಕಾರದ್ದಾದರೂ ಕೆಳಗೆ ಬಿದ್ದ ಚುಕ್ಕೆಗಳೆಲ್ಲ ಒಂದೇ ತೆರನಾಗಿ ತುಸು ಮೊಟ್ಟೆಯಾಕಾರದವು, ಏಕೆಂದರೆ ಪ್ರತಿಯೊಂದೂ ಓರೆಯಾಗಿ ಬಿದ್ದ ಸೂರ್ಯಬಿಂಬ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದಂದು ಕೊಡಗಿನ ಕುಟ್ಟದಲ್ಲಿ ಮರದಡಿಯ ಇಂಥ ಚುಕ್ಕೆಗಳೇ ಬಳೆಗಳಾಗಿದ್ದವು. ಒಂದು ಸಂದನ್ನು ಹಾಗೆಯೇ ಬಿಡೋಣವೆಂದೆ, ಸ್ನೇಹಿತೆ ಒಪ್ಪಲಿಲ್ಲ.

ಸಂಜೆ ಕೆಂಪು ತಲೆವಸ್ತ್ರದ ಆ ಹೆಂಗಸೇ ಒಳಗೆ ಬಂದು, ಕಣ್ಣು ಹೊಂದುವವರೆಗೆ ತಾಳ್ಮೆಯಿಂದ ಗೋಡೆ ನೋಡುತ್ತ ಕುಳಿತರು. ಇದ್ದಕ್ಕಿದ್ದಂತೆ "ಅಯ್ಯೋ ಅಕ್ಕಾ, ಕಣಕ್ಕೆ ದನ ನುಗ್ಗಿತಲ್ಲ!" ಎನ್ನುತ್ತ, ಕಾಲು ಮೇಲಾಗಿ ನಡೆಯುತ್ತಿದ್ದ ಆ ದನವನ್ನು ಅಟ್ಟಲು ಬಾಗಿಲು ತೆರೆದು ಓಡಿದರು, ಒಳಗೆ ನುಗ್ಗಿದ ಬೆಳಕಿಗೆ ಗೋಡೆ ಬರೀ ಗೋಡೆಯಾಯಿತು.